ಆಟಿಸಂ: ಮಗುವಿನ ವರ್ತನೆ, ತರಬೇತಿ ಮತ್ತು ಮನೆಮಾತು

ಆಟಿಸಂ ಅಥವಾ ಸ್ವಲೀನತೆ ಎಂಬುದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ, ಬಾಲ್ಯದಲ್ಲಿಯೇ ಕಾಣಿಸಿಕೊಳ್ಳುವ ಸ್ಥಿತಿಯಾಗಿದೆ. ಇದು ಅಂಟುರೋಗವಲ್ಲ, ಗ್ರಹಚಾರದ ಅಥವಾ ದೃಷ್ಟಿ ತಾಗಿದುದರ ಪರಿಣಾಮವೂ ಅಲ್ಲ. ಇದನ್ನು ಇಲ್ಲವಾಗಿಸುವ ಔಷಧವಿಲ್ಲ. ಆದರೆ ಸಕಾಲದಲ್ಲಿ ದೊರೆತ ತರಬೇತಿಯಿಂದ ಅನೇಕ ಮಕ್ಕಳ ಸಂವಹನ, ಕಲಿಕೆ ಹಾಗೂ ಸ್ವಾವಲಂಬನೆ ಸುಧಾರಿಸುತ್ತವೆ.

ಗುರುತಿಸುವುದು ಹೇಗೆ?

ಒಂದು ವರ್ಷ ತುಂಬಿದರೂ ಹೆಸರು ಹಿಡಿದು ಕರೆದಾಗ ತಿರುಗಿ ನೋಡದಿರುವುದು, ಒಂದೂವರೆ ವರ್ಷವಾದರೂ ಬೇಕಾದುದನ್ನು ಬೆರಳು ಮಾಡಿ ತೋರಿಸದಿರುವುದು, ಎರಡು ವರ್ಷವಾದರೂ ಎರಡು ಪದ ಜೋಡಿಸಿ ಆಡದಿರುವುದು, ಬಂದ ಮಾತು ನಿಂತುಹೋಗುವುದು ಇವೆಲ್ಲ ಎಚ್ಚರಿಕೆಯ ಲಕ್ಷಣಗಳು. ಆಟಿಕೆಯ ಚಕ್ರವನ್ನಷ್ಟೇ ತಿರುಗಿಸುತ್ತ ಕೂರುವುದು, ದಿನಚರಿ ತುಸು ಬದಲಾದರೂ ತಳಮಳಗೊಳ್ಳುವುದು, ಕುಕ್ಕರಿನ ಶಬ್ದಕ್ಕೆ ಕಿವಿ ಮುಚ್ಚಿಕೊಳ್ಳುವುದೂ ಕಂಡುಬರಬಹುದು. ಒಂದೇ ಲಕ್ಷಣದಿಂದ ತೀರ್ಮಾನಕ್ಕೆ ಬರಲಾಗದು. ಶ್ರವಣ ಪರೀಕ್ಷೆ ಮಾಡಿಸಿ, ಮಕ್ಕಳ ತಜ್ಞರ ಸಲಹೆ ಪಡೆಯಬೇಕು. ದೊಡ್ಡವನಾದರೆ ತಾನೇ ಸರಿಹೋಗುತ್ತಾನೆಂದು ಕಾಯುವುದರಿಂದ ಅಮೂಲ್ಯವಾದ ವರ್ಷಗಳು ಕಳೆದುಹೋಗುತ್ತವೆ.

ಸಂಶೋಧನೆ ತಿಳಿಸಿರುವುದೇನು?

ಅಮೆರಿಕದ ವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳನ್ನು ಅಭ್ಯಸಿಸಿ ಈ ಸ್ಥಿತಿಯನ್ನು ವಿವರಿಸಿದರು. ಅನಂತರ ಕೆಲವು ದಶಕ ತಾಯಿಯ ವಾತ್ಸಲ್ಯದ ಕೊರತೆಯೇ ಇದಕ್ಕೆ ಕಾರಣವೆಂಬ ತಪ್ಪು ಅಭಿಪ್ರಾಯ ಪ್ರಚಲಿತವಾಗಿತ್ತು. 1977ರಲ್ಲಿ ಪ್ರಕಟವಾದ ಬ್ರಿಟನ್ನಿನ ಅವಳಿ ಮಕ್ಕಳ ಅಧ್ಯಯನವು ಆನುವಂಶಿಕತೆಯ ಪಾತ್ರವನ್ನು ತೋರಿಸಿತು. 1998ರಲ್ಲಿ 12 ಮಕ್ಕಳನ್ನು ಆಧರಿಸಿದ ಒಂದು ಲೇಖನವು ದಡಾರ ಲಸಿಕೆಯ ಬಗ್ಗೆ ಸಂಶಯ ಹುಟ್ಟಿಸಿತು. ಅದನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಆದುದರಿಂದ ಲಸಿಕೆಗಳನ್ನು ತಪ್ಪಿಸಕೂಡದು.

ವರ್ತನಾ ಚಿಕಿತ್ಸೆ

ಈ ಕ್ರಮದಲ್ಲಿ ಪ್ರತಿಯೊಂದು ಕೌಶಲವನ್ನೂ ಸಣ್ಣ ಹಂತಗಳಾಗಿ ವಿಂಗಡಿಸಲಾಗುತ್ತದೆ. ಕೈ ತೊಳೆಯುವುದನ್ನು ಕಲಿಸಬೇಕಾದರೆ ನಲ್ಲಿ ತಿರುಗಿಸುವುದು, ಕೈ ಒದ್ದೆ ಮಾಡುವುದು, ಸೋಪು ಹಚ್ಚುವುದು ಹೀಗೆ ಒಂದೊಂದನ್ನೇ ಕೈಹಿಡಿದು ಅಭ್ಯಾಸ ಮಾಡಿಸಿ, ಸರಿಯಾದ ಪ್ರಯತ್ನಕ್ಕೆ ಮೆಚ್ಚುಗೆ ಸೂಚಿಸಿ, ನೆರವನ್ನು ಕ್ರಮೇಣ ಕಡಿಮೆ ಮಾಡಲಾಗುತ್ತದೆ. ಹಟ ಅಥವಾ ಚೀರಾಟಕ್ಕೆ ಮುನ್ನ ಏನಾಯಿತು, ಅನಂತರ ಮಗುವಿಗೆ ಏನು ದೊರೆಯಿತು ಎಂಬುದನ್ನು ಬರೆದಿಡಬೇಕು. ಚೀರಿದೊಡನೆ ಕಷ್ಟದ ಪಾಠ ನಿಲ್ಲುತ್ತದೆಯಾದರೆ, ಚೀರಾಟವೇ ಮಗುವಿನ ಭಾಷೆಯಾಗುತ್ತದೆ. ಅದರ ಬದಲು 'ಸಾಕು' ಎಂಬ ಮಾತನ್ನೋ ಚಿತ್ರವಿರುವ ಚೀಟಿಯನ್ನೋ ಬಳಸುವುದನ್ನು ಕಲಿಸಬೇಕು.

1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಐವಾರ್ ಲೊವಾಸ್, ವಾರಕ್ಕೆ 40 ಗಂಟೆಗಳ ತರಬೇತಿ ಪಡೆದ 19 ಮಕ್ಕಳಲ್ಲಿ 9 ಮಕ್ಕಳು ಸಾಮಾನ್ಯ ಶಾಲೆಯ ಒಂದನೆಯ ತರಗತಿಯನ್ನು ಯಶಸ್ವಿಯಾಗಿ ಮುಗಿಸಿದರೆಂದು ವರದಿ ಮಾಡಿದರು. ಆದರೆ ಮಕ್ಕಳನ್ನು ಚೀಟಿ ಎತ್ತಿದಂತೆ ಗುಂಪುಗಳಿಗೆ ಹಂಚಿರಲಿಲ್ಲವಾದ್ದರಿಂದ ಈ ಫಲಿತಾಂಶ ಟೀಕೆಗೊಳಗಾಯಿತು. ಪ್ರತಿಯೊಂದು ಮಗುವಿನಿಂದಲೂ ಅದನ್ನೇ ನಿರೀಕ್ಷಿಸಲಾಗದು. ಆ ಕಾಲದಲ್ಲಿ ಬಳಕೆಯಲ್ಲಿದ್ದ ಗದರಿಕೆ, ಹೊಡೆತಗಳನ್ನು ಇಂದು ತಜ್ಞರು ಒಪ್ಪುವುದಿಲ್ಲ. ಹೊಡೆಯುವ, ಕಟ್ಟಿಹಾಕುವ ಅಥವಾ 'ಪೂರ್ಣ ಗುಣ'ದ ಭರವಸೆ ನೀಡುವ ಕೇಂದ್ರಗಳಿಂದ ದೂರವಿರಬೇಕು.

ದುಬಾರಿ ಕೇಂದ್ರವೊಂದೇ ದಾರಿಯಲ್ಲ. ಗೋವಾ ಹಾಗೂ ಪಾಕಿಸ್ತಾನದ ರಾವಲ್ಪಿಂಡಿಯ 65 ಮಕ್ಕಳ ಅಧ್ಯಯನವು 2016ರಲ್ಲಿ ಪ್ರಕಟವಾಯಿತು. ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರು ಪಾಲಕರಿಗೆ ತರಬೇತಿ ನೀಡಿದಾಗ, ಮಗುವಿನೊಡನೆ ಅವರ ಒಡನಾಟ ಉತ್ತಮಗೊಂಡಿತೆಂದು ಅದು ತೋರಿಸಿತು.

ಮನೆಮಾತನ್ನು ಬಿಡಬೇಕೆ?

ಮುಂಬಯಿ, ಪುಣೆ, ಚೆನ್ನೈ, ದೆಹಲಿಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ 'ಮನೆಯಲ್ಲಿ ಕನ್ನಡ ನಿಲ್ಲಿಸಿ, ಒಂದೇ ಭಾಷೆಯಾಡಿ' ಎಂಬ ಸಲಹೆ ದೊರೆಯುವುದುಂಟು. ಎರಡು ಭಾಷೆಗಳ ಪರಿಸರದಿಂದ ಆಟಿಸಂ ಇರುವ ಮಕ್ಕಳ ಮಾತು ಇನ್ನಷ್ಟು ತಡವಾಗುತ್ತದೆಂಬುದಕ್ಕೆ ಸಂಶೋಧನೆಗಳಲ್ಲಿ ಆಧಾರ ದೊರೆತಿಲ್ಲ. ತಾಯಿ, ಅಜ್ಜಿ ಸಹಜವಾಗಿ ಆಡಬಲ್ಲ ಭಾಷೆಯಲ್ಲಿಯೇ ಮಗುವಿಗೆ ಹೆಚ್ಚಿನ ಒಡನಾಟ ಲಭಿಸುತ್ತದೆ. ಮನೆಯಲ್ಲಿ ಬಳಸುವ ಮುಖ್ಯ ಪದಗಳ ಪಟ್ಟಿಯನ್ನು ತರಬೇತುದಾರರಿಗೆ ಕೊಡುವುದು ಲೇಸು.

ಸೌಲಭ್ಯಗಳು

1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಆಟಿಸಂ ಅನ್ನು ಒಳಗೊಂಡಿದೆ. ಅದರಡಿಯ ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಉಂಟು. 'ನಮ್ಮ ನಂತರ ಯಾರು?' ಎಂಬುದು ಅನೇಕ ಪಾಲಕರ ಚಿಂತೆ. 18 ವರ್ಷ ತುಂಬಿದ ಬಳಿಕ ಅಗತ್ಯವಿದ್ದವರಿಗೆ ಪೋಷಕರನ್ನು ನೇಮಿಸುವಂತೆ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ, ಶೇಕಡಾ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಈ ಕಾಯ್ದೆಯಡಿ ನೀಡಿದ ಪ್ರಮಾಣಪತ್ರ ದೇಶಾದ್ಯಂತ ಮಾನ್ಯ. ಊರು ಬದಲಾಯಿಸಿದರೂ ಅದು ರದ್ದಾಗುವುದಿಲ್ಲ.

ಸಿಕಂದರಾಬಾದಿನಲ್ಲಿ ಬೌದ್ಧಿಕ ಅಂಗವಿಕಲರ ರಾಷ್ಟ್ರೀಯ ಸಂಸ್ಥೆ, ಚೆನ್ನೈ ಬಳಿಯ ಮುಟ್ಟುಕಾಡಿನಲ್ಲಿ ಬಹು ಅಂಗವಿಕಲರ ರಾಷ್ಟ್ರೀಯ ಸಂಸ್ಥೆ ಇವೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹಾಗೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕನ್ನಡದಲ್ಲಿಯೇ ವ್ಯವಹರಿಸಬಹುದು. ರಜೆಯಲ್ಲಿ ಊರಿಗೆ ಹೋದಾಗ ಇದರ ಪ್ರಯೋಜನ ಪಡೆಯಬಹುದು.

ಮಗುವನ್ನು ನೆರೆಹೊರೆಯಿಂದ ಮರೆಮಾಡದೆ ಮದುವೆ, ಜಾತ್ರೆ, ಅಂಗಡಿ, ಉದ್ಯಾನಗಳಿಗೆ ಕರೆದೊಯ್ಯಿರಿ. ತರಬೇತಿಯಲ್ಲಿ ಕಲಿತುದು ಅಲ್ಲಿಯೇ ಬಳಕೆಗೆ ಬರಬೇಕು.