ಮನೆಯ ಒಲೆಯಲ್ಲಿ ಕೇಕು

ಹುಟ್ಟುಹಬ್ಬದಂದು ಕೇಕು ಕೊಯ್ಯುವ ರೂಢಿ ಈಗ ನಮ್ಮ ಹಳ್ಳಿಗಳ ಒಳಭಾಗವನ್ನೂ ಹೊಕ್ಕಿದೆ. ಪಾಯಸ ಹೋಳಿಗೆಗಳ ಬದಿಯಲ್ಲಿ ಅದಕ್ಕೂ ಒಂದು ಎಡೆ ದೊರೆತಿದೆ. ಇದು ಒಳಿತೋ ಕೆಡುಕೋ ಎಂಬ ಚರ್ಚೆಗೆ ನಾವು ಇಲ್ಲಿ ಇಳಿಯುವುದಿಲ್ಲ. ಆದರೆ ಕೇಕೆಂದರೆ ಪೇಟೆಯ ಬೇಕರಿಯವರಿಗೆ ಮಾತ್ರ ಒಲಿದ ಯಂತ್ರವಿದ್ಯೆ, ವಿದ್ಯುತ್ತಿನ ಒಲೆಯಿಲ್ಲದ ಮನೆಯವರು ಅದರ ಗೊಡವೆಗೆ ಹೋಗಬಾರದು ಎಂಬ ಭಾವನೆ ಹಲವು ಮನೆಗಳಲ್ಲಿ ಬೇರೂರಿರುವುದನ್ನು ಕಂಡಿದ್ದೇವೆ. ಇದು ಸರಿಯಲ್ಲ. ಹಿಟ್ಟಿನೊಳಗೆ ಗಾಳಿಯನ್ನು ಹಿಡಿದಿಟ್ಟು, ಅದು ತಪ್ಪಿಸಿಕೊಂಡು ಹೋಗುವುದಕ್ಕೆ ಮೊದಲೇ ಹಿಟ್ಟನ್ನು ಬೇಯಿಸಿ ಗಟ್ಟಿಮಾಡುವುದೇ ಕೇಕಿನ ಮರ್ಮ. ಇದನ್ನರಿತವರಿಗೆ ಅಟ್ಟದ ಮೇಲಿನ ಹಳೆಯ ಉರುಳಿಯೂ ಸಾಕಾಗುತ್ತದೆ.

ಕೇಕು ನಮ್ಮ ಸೀಮೆಗೆ ಅಷ್ಟೇನೂ ಹೊಸತಲ್ಲ. ಕಾಸರಗೋಡಿನಲ್ಲಿ ದಕ್ಷಿಣಕ್ಕೆ ಹೋಗುವ ರೈಲು ಹತ್ತಿದರೆ ಪಯ್ಯನ್ನೂರು, ಕಣ್ಣೂರುಗಳನ್ನು ದಾಟಿ ತಲಚೇರಿ ಸಿಗುತ್ತದೆ. ಅಲ್ಲಿ ಮಂಬಳ್ಳಿ ಬಾಪು ಎಂಬವರು 1880ರಲ್ಲಿ ರಾಯಲ್ ಬಿಸ್ಕತ್ ಫ್ಯಾಕ್ಟರಿ ಎಂಬ ಬೇಕರಿಯನ್ನು ತೆರೆದರು. 1883ರಲ್ಲಿ ಅಂಜರಕಂಡಿಯ ದಾಲ್ಚಿನ್ನಿ ತೋಟದ ಮರ್ಡೋಕ್ ಬ್ರೌನ್ ಎಂಬ ಆಂಗ್ಲ ದೊರೆ ಇಂಗ್ಲೆಂಡಿನಿಂದ ತಂದ ಒಂದು ಕೇಕನ್ನು ಇವರ ಮುಂದಿಟ್ಟು, ಕ್ರಿಸ್‌ಮಸ್ ಹಬ್ಬಕ್ಕೆ ಇಂಥದೇ ಒಂದನ್ನು ಮಾಡಿಕೊಡಬಹುದೇ ಎಂದು ಕೇಳಿದನಂತೆ. ಬಾಪು ಅಚ್ಚನ್ನು ಊರಿನ ಕಮ್ಮಾರನಿಂದ ಮಾಡಿಸಿ, ವಿದೇಶದ ಮದ್ಯಕ್ಕೆ ಬದಲಾಗಿ ಗೇರುಹಣ್ಣು ಬಾಳೆಹಣ್ಣುಗಳಿಂದ ಇಳಿಸಿದ ಸ್ಥಳೀಯ ರಸವನ್ನು ಬಳಸಿ ಕೇಕು ಸಿದ್ಧಪಡಿಸಿದರೆಂದು ಅಲ್ಲಿಯ ಜನ ಇಂದಿಗೂ ಹೇಳುತ್ತಾರೆ. ಭಾರತದ ಮೊದಲ ಕ್ರಿಸ್‌ಮಸ್ ಕೇಕು ಎಂಬ ಕೀರ್ತಿ ಅದಕ್ಕೆ ಸಂದಿದೆ. ಊರಿನಲ್ಲಿ ಸಿಕ್ಕಿದ ಸಾಮಗ್ರಿಯಿಂದಲೇ ಅವರು ಕೆಲಸ ಸಾಧಿಸಿದರೆಂಬುದು ನಮಗೆ ಮುಖ್ಯ.

ಇನ್ನು ಸಾಮಗ್ರಿಗಳ ವಿಚಾರ. ಗೋದಿಯಲ್ಲಿ ಗ್ಲೂಟೆನ್ ಎಂಬ ಅಂಟಿನ ಸತ್ವವನ್ನು ಉಂಟುಮಾಡುವ ಪದಾರ್ಥಗಳಿವೆ. ನೀರು ಬೆರೆಸಿ ನಾದಿದಂತೆ ಅದು ಬಲಿಯುತ್ತದೆ. ಚಪಾತಿಯ ಹಿಟ್ಟು ರಬ್ಬರಿನಂತೆ ಎಳೆದರೆ ಬರುವುದು ಅದರಿಂದಲೇ. ಕೇಕಿಗೆ ಅದು ಸ್ವಲ್ಪ ಬೇಕು, ಹೆಚ್ಚು ಬೇಡ. ಆದ್ದರಿಂದಲೇ ಮೈದಾ ಹಾಕಿದ ಮೇಲೆ ಹಿಟ್ಟನ್ನು ಬಹಳ ಕಲಕಬಾರದೆಂದು ತಿಳಿದವರು ಹೇಳುವುದು. ಬೆಣ್ಣೆ ಅಥವಾ ಎಣ್ಣೆ ಹಿಟ್ಟಿನ ಕಣಗಳಿಗೆ ಲೇಪವಾಗಿ ಈ ಅಂಟನ್ನು ತಡೆಯುತ್ತದೆ. ಸಕ್ಕರೆ ಬರಿಯ ಸಿಹಿಗಾಗಿ ಇರುವುದಲ್ಲ, ನೀರನ್ನು ಹಿಡಿದಿಟ್ಟು ಕೇಕನ್ನು ಮೆದುವಾಗಿಡುತ್ತದೆ. ಮೊಟ್ಟೆ ಬಿಸಿಗೆ ಗಟ್ಟಿಯಾಗಿ ಕಟ್ಟಡದ ಗಾರೆಯಂತೆ ಎಲ್ಲವನ್ನೂ ಹಿಡಿದು ನಿಲ್ಲಿಸುತ್ತದೆ. ಮೊಟ್ಟೆ ತಿನ್ನದ ಮನೆಗಳಲ್ಲಿ ಆ ಕೆಲಸವನ್ನು ಬೆಂದ ಹಿಟ್ಟಿನ ಪಿಷ್ಟವೂ ಗ್ಲೂಟೆನ್ನೂ ಹೊರಬೇಕಾಗುತ್ತದೆ. ರಾಗಿಯಲ್ಲೂ ಅಕ್ಕಿಯಲ್ಲೂ ಗ್ಲೂಟೆನ್ ಇಲ್ಲ. ಬರಿಯ ರಾಗಿಯ ಕೇಕು ಪುಡಿಪುಡಿಯಾಗಲು ಇದೇ ಕಾರಣ. ಅರ್ಧ ಗೋದಿಹಿಟ್ಟು ಬೆರೆಸಿದರೆ ಸರಿಹೋಗುತ್ತದೆ.

ಗಾಳಿ ಎಲ್ಲಿಂದ ಬರುತ್ತದೆ? ಬೆಣ್ಣೆಯನ್ನೂ ಸಕ್ಕರೆಯನ್ನೂ ಸೇರಿಸಿ ಚೆನ್ನಾಗಿ ಕಡೆಯುವಾಗ ಸಕ್ಕರೆಯ ಹರಳುಗಳ ಮೊನೆಗಳು ಬೆಣ್ಣೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳನ್ನು ಕೊರೆಯುತ್ತವೆ. ಮುಂದೆ ಸೋಡಾದಿಂದ ಹುಟ್ಟುವ ವಾಯು ಈ ಗುಳ್ಳೆಗಳನ್ನೇ ಹೊಕ್ಕು ಹಿಗ್ಗಿಸುತ್ತದೆ, ಹೊಸ ಗುಳ್ಳೆಗಳನ್ನು ಅದು ಹುಟ್ಟಿಸುವುದಿಲ್ಲ. ಕಡೆಯುವ ಕೆಲಸದಲ್ಲಿ ಸೋಮಾರಿತನ ತೋರಿ ಸೋಡಾವನ್ನು ಹೆಚ್ಚು ಸುರಿದರೆ ಪ್ರಯೋಜನವಿಲ್ಲ ಎಂಬುದಕ್ಕೆ ಇದೇ ಕಾರಣ.

ವಿದ್ಯಾರ್ಥಿಗಳು ಮನೆಯಲ್ಲಿ ಒಂದು ಸಣ್ಣ ಪ್ರಯೋಗ ಮಾಡಿ ನೋಡಬಹುದು. ಎರಡು ಬಟ್ಟಲುಗಳನ್ನು ತೆಗೆದುಕೊಂಡು ಒಂದರಲ್ಲಿ ತಣ್ಣೀರು, ಇನ್ನೊಂದರಲ್ಲಿ ಹುಳಿ ಮೊಸರು ಹಾಕಿ, ಎರಡಕ್ಕೂ ಒಂದೊಂದು ಚಿಟಿಕೆ ಅಡುಗೆಸೋಡಾ ಉದುರಿಸಿರಿ. ನೀರು ಸುಮ್ಮನಿರುತ್ತದೆ. ಮೊಸರು ನೊರೆಗಟ್ಟಿ ಉಬ್ಬುತ್ತದೆ. ಸೋಡಾ ಕ್ಷಾರ, ಮೊಸರು ಆಮ್ಲ. ಇವೆರಡೂ ಕೂಡಿದಾಗ ಇಂಗಾಲದ ಡೈಆಕ್ಸೈಡು, ಅಂದರೆ ಹಿಂದಿನ ಪಠ್ಯಪುಸ್ತಕಗಳಲ್ಲಿ ಇಂಗಾಲಾಮ್ಲ ಎಂದು ಹೇಳುತ್ತಿದ್ದ ವಾಯು ಹೊರಡುತ್ತದೆ. ನಮ್ಮ ಕಡೆಯ ಹೋಟೆಲುಗಳ ಬನ್ಸ್ ಎಣ್ಣೆಯಲ್ಲಿ ಉಬ್ಬುವುದಕ್ಕೂ ಅದರಲ್ಲಿರುವ ಮೊಸರು ಸೋಡಾಗಳ ನೆರವಿದೆ. ತರಗತಿಯಲ್ಲಿ ಕನ್ನಡದಲ್ಲಿ ಕಲಿತ ಆಮ್ಲ ಕ್ಷಾರಗಳ ಪಾಠ ಬರಿಯ ಪರೀಕ್ಷೆಗಾಗಿ ಇರುವುದಲ್ಲವೆಂದು ಇಲ್ಲಿ ನಾಲಗೆಗೇ ಗೊತ್ತಾಗುತ್ತದೆ. ಒಂದು ಲೋಟ ಮೊಸರಿನ ಹುಳಿಗೆ ಅರ್ಧ ಸಣ್ಣ ಚಮಚ ಸೋಡಾ ಸಾಕು. ಮೀರಿದರೆ ಉಳಿದ ಕ್ಷಾರದಿಂದ ಕೇಕಿಗೆ ಸಾಬೂನಿನ ರುಚಿ ಬರುತ್ತದೆ.

ಹುಳಿಯೇ ಇಲ್ಲದ ಹಿಟ್ಟಿಗೆ ಬೇಕಿಂಗ್ ಪೌಡರ್ ಬೇಕು. ಅದು ಸೋಡಾ, ಒಣ ಆಮ್ಲ ಮತ್ತು ತೇವವನ್ನು ಹೀರುವ ಪಿಷ್ಟ ಇವುಗಳ ಮಿಶ್ರಣ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಔಷಧದಂಗಡಿ ಇಟ್ಟಿದ್ದ ಆಲ್ಫ್ರೆಡ್ ಬರ್ಡ್ ಎಂಬ ರಸಾಯನಜ್ಞನ ಹೆಂಡತಿಗೆ ಮೊಟ್ಟೆಯೂ ಯೀಸ್ಟ್ ಎಂಬ ಹುದುಗೂ ಒಗ್ಗುತ್ತಿರಲಿಲ್ಲ. ಆಕೆಗಾಗಿ ಆತ 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿಯನ್ನೂ, 1843ರಲ್ಲಿ ಹುದುಗಿಲ್ಲದೆ ರೊಟ್ಟಿ ಉಬ್ಬಿಸುವ ಈ ಪುಡಿಯನ್ನೂ ಕಂಡುಹಿಡಿದನು. ಮನೆಯವರೊಬ್ಬರ ಊಟದ ತೊಡಕನ್ನು ಬಿಡಿಸಹೊರಟ ಯತ್ನ ಇಂದು ಲೋಕದ ಅಡುಗೆಮನೆಗಳನ್ನೆಲ್ಲ ಸೇರಿದೆ.

ಇನ್ನು ಶಾಖದ ಪ್ರಶ್ನೆ. ನಮಗೆ ಪರಿಚಯವಿರುವ ಒಂದು ಮನೆಯ ಸಂಗತಿಯನ್ನು ಇಲ್ಲಿ ಹೇಳುವುದು ಉಚಿತ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ತಮ್ಮನ ಹುಟ್ಟುಹಬ್ಬಕ್ಕೆ ತಾನೇ ಕೇಕು ಮಾಡುವೆನೆಂದು ಪಟ್ಟುಹಿಡಿದಳು. ಮೊದಲನೆಯ ಸಲ ಒಂದು ಚಮಚ ಸೋಡಾ ಹೆಚ್ಚು ಹಾಕಿದಳು. ಕೇಕು ಎತ್ತರಕ್ಕೆ ಎದ್ದು ಕುಸಿಯಿತು, ಬಾಯಿಗೂ ಹಿಡಿಸಲಿಲ್ಲ. ಗುಳ್ಳೆಗಳು ಅತಿಯಾಗಿ ಹಿಗ್ಗಿ ಒಡೆದುಹೋದುದೇ ಅದಕ್ಕೆ ಕಾರಣ. ಎರಡನೆಯ ಸಲ ಅಳತೆ ಸರಿಯಾಗಿತ್ತು. ಆದರೆ ಐದೈದು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ಇಣುಕಿದುದರಿಂದ ಶಾಖ ತಪ್ಪಿಹೋಗಿ ನಡುಭಾಗ ಹಸಿಯಾಗಿ ತಗ್ಗಿತು. ಮೂರನೆಯ ಸಲ ಮುಚ್ಚಳ ಮುಟ್ಟಲಿಲ್ಲ. ಆಗ ತಳ ಕರಿಕಾಗಿ, ಮೇಲ್ಭಾಗ ಬಿಳಿಚಿಕೊಂಡೇ ಉಳಿಯಿತು. “ಮೈದಾ ಸಕ್ಕರೆಗೆಲ್ಲ ದುಡ್ಡು ದಂಡ, ಬೇಕರಿಯಿಂದ ತರಿಸಿದರಾಯ್ತಲ್ಲ” ಎಂದರು ಚಿಕ್ಕಮ್ಮ. ತಾಯಿಯೂ ಇನ್ನೊಂದೇ ಸಲ ಎಂದು ಗಡುವು ಹಾಕಿದರು. ಆಗ ಅಜ್ಜಿ ಕೇಳಿದರು: “ಅಲ್ಲ ಮಗಾ, ಕಲ್ತಪ್ಪಕ್ಕೆ ಮೇಲೆಯೂ ಕೆಂಡ ಹಾಕ್ತಾರಲ್ಲ, ಇದಕ್ಕೆ ಯಾಕೆ ಹಾಕಬಾರದು?”

ಕಲ್ತಪ್ಪವೆಂದರೆ ಅಕ್ಕಿ, ಬೆಲ್ಲ, ಹುರಿದ ಕಾಯಿಚೂರು, ಸಣ್ಣ ಈರುಳ್ಳಿ ಸೇರಿಸಿ ಮಾಡುವ ಕಾಸರಗೋಡು ಕಣ್ಣೂರು ಕಡೆಯ ಸಿಹಿತಿಂಡಿ. ಹಿಟ್ಟಿನ ಪಾತ್ರೆಯ ಮುಚ್ಚಳದ ಮೇಲೂ ಗೆರಟೆಯ ಕೆಂಡ ಹರಡಿ ಅದನ್ನು ಬೇಯಿಸುವುದು ಹಳೆಯ ಕ್ರಮ. ಕೇಕು ಸುಡುವ ಪೆಟ್ಟಿಗೆ ಮಾಡುವ ಕೆಲಸವೂ ಇದೇ: ಸುತ್ತಲಿಂದ ಒಂದೇ ಸಮನಾದ ಒಣಶಾಖ ಕೊಡುವುದು. ಅದರೊಳಗೆ ಸಾಮಾನ್ಯವಾಗಿ 180 ಡಿಗ್ರಿ ಸೆಲ್ಸಿಯಸ್ ಶಾಖವಿರುತ್ತದೆ. ಇಡ್ಲಿಯ ಹಬೆ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುವುದರಿಂದ ಇಡ್ಲಿ ಎಷ್ಟು ಬೆಂದರೂ ಬಿಳಿಯಾಗಿಯೇ ಉಳಿಯುತ್ತದೆ. ಶಾಖ ಸುಮಾರು 140 ಡಿಗ್ರಿ ದಾಟಿದರೆ ಸಸಾರಜನಕವೂ ಸಕ್ಕರೆಯೂ ಕೂಡಿ ಹೊಂಬಣ್ಣವೂ ಪರಿಮಳವೂ ಚುರುಕಾಗಿ ಹುಟ್ಟುತ್ತವೆ. ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದ ಮೈಯಾರ್ ಎಂಬ ಫ್ರೆಂಚ್ ವಿಜ್ಞಾನಿಯ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ.

ನಾಲ್ಕನೆಯ ಕೇಕು ಹೊಂಬಣ್ಣಕ್ಕೆ ಬಂದು ನೆಟ್ಟಗೆ ನಿಂತಿತು. ಆ ಹುಡುಗಿ ಪ್ರತಿಸಲವೂ ಒಂದೇ ಒಂದು ಸಂಗತಿಯನ್ನು ಮಾತ್ರ ಬದಲಾಯಿಸಿ, ಅಳತೆಯನ್ನೂ ಹೊತ್ತನ್ನೂ ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದಳೆಂಬುದನ್ನು ನಾವು ವಿಶೇಷವಾಗಿ ಮೆಚ್ಚಿದೆವು. ಎಲ್ಲವನ್ನೂ ಒಮ್ಮೆಗೇ ಬದಲಾಯಿಸಿದ್ದರೆ ದೋಷ ಯಾವುದೆಂದು ಅಜ್ಜಿಗೂ ಹೊಳೆಯುತ್ತಿರಲಿಲ್ಲ.

ಅವಳು ಮಾಡಿದ ಕೇಕಿನ ಕ್ರಮ ಹೀಗಿದೆ. ಚೆನ್ನಾಗಿ ಕಳಿತ ಬಾಳೆಹಣ್ಣಿನ ತಿರುಳು 300 ಗ್ರಾಂ, ಸಕ್ಕರೆ 150 ಗ್ರಾಂ, ಎಣ್ಣೆ 100 ಮಿಲಿಲೀಟರ್, ಮೊಸರು 120 ಮಿಲಿಲೀಟರ್. ಇವನ್ನು ಗಂಟಿಲ್ಲದಂತೆ ಕಡೆಯತಕ್ಕದ್ದು. ಮೈದಾ 250 ಗ್ರಾಂ, ಅರ್ಧ ಸಣ್ಣ ಚಮಚ ಸೋಡಾ, ಒಂದು ಸಣ್ಣ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಏಲಕ್ಕಿ ಪುಡಿ. ಇವನ್ನು ಬೇರೆಯಾಗಿ ಜರಡಿ ಹಿಡಿದು, ಕಡೆದುದಕ್ಕೆ ಹಾಕಿ, ಒಣಹಿಟ್ಟು ಮರೆಯಾಗುವಷ್ಟು ಮಾತ್ರ ಮಗುಚಬೇಕು. ಬಾಡಿಸಿದ ಬಾಳೆಲೆಯನ್ನು ಪಾತ್ರೆಯೊಳಗೆ ಹಾಸಿ ಎಣ್ಣೆ ಸವರಿ ಹಿಟ್ಟನ್ನು ಅರ್ಧಕ್ಕಿಂತ ಸ್ವಲ್ಪ ಮೇಲಿನವರೆಗೆ ಹೊಯ್ಯಿರಿ. ದಪ್ಪ ತಳದ ಉರುಳಿಯಲ್ಲಿ ಎರಡು ಬೆರಳು ಎತ್ತರ ಒಣಮರಳು ಹರಡಿ, ಮುಚ್ಚಿ, ಹತ್ತು ನಿಮಿಷ ಕಾಯಿಸಿ, ಸಣ್ಣ ಕುಕ್ಕಿ ಇಟ್ಟು ಅದರ ಮೇಲೆ ಪಾತ್ರೆಯನ್ನು ಕೂರಿಸಬೇಕು. ಸಣ್ಣ ಉರಿಯಲ್ಲಿ ಐವತ್ತು ನಿಮಿಷದಿಂದ ಒಂದು ಗಂಟೆ ಬೇಕು. ಮೊದಲ ಮುಕ್ಕಾಲು ಗಂಟೆ ಮುಚ್ಚಳ ತೆಗೆಯಕೂಡದು. ನಡುವೆ ಚುಚ್ಚಿದ ಕಡ್ಡಿಗೆ ಹಿಟ್ಟು ಅಂಟದಿದ್ದರೆ ಬೆಂದಿದೆ ಎಂದರ್ಥ.

ಕೆಂಡದ ಕೆಲಸವನ್ನು ಹಿರಿಯರೇ ಮಾಡತಕ್ಕದ್ದು. ಅದೂ ಗಾಳಿಯಾಡುವ ಜಾಗದಲ್ಲಿ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಹೊರಡುವ ವಿಷವಾಯುವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗ್ಯಾಸ್ ಒಲೆಯವರು ಕೆಂಡವಿಲ್ಲದೆಯೇ ಭಾರದ ಮುಚ್ಚಳ ಹಾಕಿ ಬೇಯಿಸಬಹುದು. ಮೇಲ್ಭಾಗ ಸ್ವಲ್ಪ ಬಿಳಿಚಿದರೂ ರುಚಿಗೆ ಕೊರತೆಯಿಲ್ಲ. ಕುಕ್ಕರನ್ನು ನೀರಿಲ್ಲದೆ ಒಲೆಯ ಮೇಲಿಡುವ ಪದ್ಧತಿಯನ್ನು ಕೆಲವರು ಹೇಳುತ್ತಾರೆ. ನಮಗದು ಸರಿತೋರುವುದಿಲ್ಲ. ಬೆಲೆಯುಳ್ಳ ಪಾತ್ರೆ ಕೆಡುವುದಕ್ಕಿಂತ ಹಳೆಯ ಉರುಳಿಯೇ ಲೇಸು.

ನೀಲಗಿರಿಯಲ್ಲಿ ನೆಂಟರಿರುವವರಿಗೆ ಒಂದು ಮಾತು. ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದ ಉದಕಮಂಡಲದಲ್ಲಿ ವಾಯುವಿನ ಒತ್ತಡ ಕಡಿಮೆ. ಗುಳ್ಳೆಗಳು ಅಲ್ಲಿ ಬೇಗ ಹಿಗ್ಗುವುದರಿಂದ ಇಲ್ಲಿ ನೆಟ್ಟಗೆ ನಿಂತ ಕೇಕು ಅಲ್ಲಿ ಕುಸಿಯಬಹುದು. ಸೋಡಾ, ಬೇಕಿಂಗ್ ಪೌಡರುಗಳನ್ನು ಕಡಿಮೆಮಾಡಿ ಹಿಟ್ಟನ್ನು ತುಸು ಹೆಚ್ಚಿಸಬೇಕು.

ಮೇಲೆ ಬಳಿಯುವ ಬಣ್ಣದ ಸಕ್ಕರೆಯ ಬಗ್ಗೆ ನಮಗೆ ಉತ್ಸಾಹವಿಲ್ಲ. ಮಕ್ಕಳಿಗೆ ಸಕ್ಕರೆ ಈಗಿರುವುದೇ ಹೆಚ್ಚು. ಕೈಪಳಗಿ ನೆರೆಯವರಿಗೆ ಮಾರಲು ತೊಡಗುವ ತಾಯಂದಿರು ಆಹಾರ ಸುರಕ್ಷತೆಯ 2006ರ ಕಾಯಿದೆಯಂತೆ ಮೊದಲು ನೋಂದಣಿ ಮಾಡಿಸಿಕೊಳ್ಳುವುದು ಅಗತ್ಯ. ಒಣಹಣ್ಣು ಸಕ್ಕರೆಗಳು ತುಂಬಿದ ಕ್ರಿಸ್‌ಮಸ್ ಕೇಕಿನಲ್ಲಿ ಬೂಷ್ಟಿಗೆ ಬೇಕಾದ ನೀರು ಸಡಿಲವಾಗಿ ಸಿಗದು, ಆದ್ದರಿಂದ ಅದು ವಾರಗಟ್ಟಲೆ ಉಳಿಯುತ್ತದೆ. ಬಾಳೆಹಣ್ಣಿನ ಕೇಕು ಹಾಗಲ್ಲ. ಆಷಾಢದ ಮಳೆಯಲ್ಲಿ ಅದನ್ನು ಎರಡನೆಯ ದಿನಕ್ಕೇ ಮುಗಿಸತಕ್ಕದ್ದು. ಮಕ್ಕಳಿರುವ ಮನೆಯಲ್ಲಿ ಅದು ಅಷ್ಟು ದಿನ ಉಳಿಯುವ ಪ್ರಶ್ನೆಯೇ ಏಳಲಾರದು.