ಮನೆ ಹರಡಿದರೆ ಸೋಮಾರಿತನವೇ?

ಒಲೆ ಮೇಲೆ ಹಾಲು ಇಡುತ್ತೇವೆ. ಕಸ ಗುಡಿಸಲು ಹೋಗುತ್ತೇವೆ. ಅಲ್ಲಿ ಒಗೆಯೋ ಬಟ್ಟೆ ಕಾಣುತ್ತದೆ. ಅದನ್ನು ನೆನೆಸಲು ಕೂರುತ್ತೇವೆ. ಹಾಲು ಉಕ್ಕುತ್ತದೆ. ಕಸ ಅಲ್ಲೇ ಉಳಿಯುತ್ತದೆ. ‘ಸೋಮಾರಿ’ ಅಂತ ಬೈಗುಳ ಬೀಳುತ್ತದೆ.

ಒಂದು ದಿನ ಹೀಗಾದರೆ ಸಹಜ. ಚಿಕ್ಕಂದಿನಿಂದಲೂ ದಿನಾ ಹೀಗೇ ಆಗ್ತಿದ್ದರೆ? ಅದು ಎಡಿಎಚ್‌ಡಿ ಇರಬಹುದು. ಗಮನ ಒಂದೇ ಕಡೆ ನಿಲ್ಲದ ತೊಂದರೆ ಇದು. ಮಿದುಳಿಗೆ ಸಂಬಂಧಪಟ್ಟದ್ದು. ಸೋಮಾರಿತನ ಅಲ್ಲ. ಗಾಳಿ ಸೋಕಿದ್ದೂ ಅಲ್ಲ.

ಏನು ಮಾಡೋಣ? ಹಾಲು ಇಟ್ಟರೆ ಒಲೆ ಮುಂದೆಯೇ ಇರೋಣ. ಒಂದು ಸಲಕ್ಕೆ ಒಂದೇ ಮೂಲೆ ಗುಡಿಸೋಣ. ದಿನದ ಕೆಲಸ ಗೋಡೆಗೆ ಸೀಮೆಸುಣ್ಣದಲ್ಲಿ ಬರೆಯೋಣ. ಈಗ ನಮಗೆ ಬರೆಯೋದು ಗೊತ್ತಲ್ಲ! ಮುಗಿದದ್ದನ್ನು ಅಳಿಸೋಣ. ಗಂಡ, ಮಕ್ಕಳೂ ಕೈ ಜೋಡಿಸಲಿ.

ಇದಕ್ಕೆ ಚಿಕಿತ್ಸೆ ಇದೆ. ಸರ್ಕಾರದ ಟೆಲಿ-ಮಾನಸ್ ನಂಬರು 14416. ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಕೊಡಬೇಕಿಲ್ಲ. ನಾಚಿಕೆ ಬೇಡ, ಕೇಳೋಣ.