ಹದಿಹರೆಯದವರಿಗೆ 68 ಪಂದ್ಯಗಳೇಕೆ?

ಪ್ರಶ್ನೆ: ಕೆನಡಾದ ಜೂನಿಯರ್ ಐಸ್ ಹಾಕಿಯಲ್ಲಿ ಹುಡುಗರು ಒಂದೇ ಸೀಸನ್‌ನಲ್ಲಿ ಅಷ್ಟೊಂದು ಪಂದ್ಯ ಆಡುವುದೇಕೆ?

ಉತ್ತರ: ಒಂಟಾರಿಯೊ ಹಾಕಿ ಲೀಗ್‌ನಲ್ಲಿ ಹೆಚ್ಚಾಗಿ 16ರಿಂದ 20ರ ಹರೆಯದವರು ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ 68 ಪಂದ್ಯ ಆಡುತ್ತಾರೆ, ಪ್ರಶಸ್ತಿ ಬೇಕೆಂದರೆ ಪ್ಲೇಆಫ್‌ನಲ್ಲಿ ಇನ್ನೂ 16 ಗೆಲ್ಲಬೇಕು. ವೃತ್ತಿಪರ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ ದೀರ್ಘ ಸೀಸನ್‌ಗೆ ಇದು ತಾಲೀಮು ಎಂಬುದು ರೂಢಿಯ ಸಮರ್ಥನೆ. ಹುರುಳಿಲ್ಲವೆಂದಲ್ಲ: ರಾತ್ರಿಯ ಬಸ್ ಪಯಣ, ಮರುದಿನವೇ ಮತ್ತೊಂದು ಪಂದ್ಯ, ನಡುವೆ ಹೈಸ್ಕೂಲು ಪಾಠ, ಇವನ್ನು ತಾಳಿಕೊಂಡವನ ಮೈ ಮನಸ್ಸು ಎರಡೂ ಗಟ್ಟಿಯಾದಾವು. ಆದರೆ ಅಮೆರಿಕದ ಕಾಲೇಜು ತಂಡಗಳು ಸುಮಾರು ಅರ್ಧದಷ್ಟೇ ಆಡಿ, ಉಳಿದ ವಾರವೆಲ್ಲ ಅಭ್ಯಾಸ ಮಾಡಿಯೂ ಎನ್‌ಎಚ್‌ಎಲ್‌ಗೆ ಆಟಗಾರರನ್ನು ಕಳಿಸುತ್ತಿವೆಯಲ್ಲ! ಹಾಗಾಗಿ ಅಸಲು ಕಾರಣ ಟಿಕೆಟ್ ಕೌಂಟರಿನಲ್ಲಿದೆ ಎಂಬುದು ನನ್ನ ಎಣಿಕೆ. ತವರಿನ 34 ಪಂದ್ಯಗಳೇ ತಂಡದ ಜೀವನಾಧಾರ. ಹುಡುಗರಿಗೆ ಕಾಲೇಜು ಶುಲ್ಕದ ನೆರವು ಸಿಗುತ್ತದಲ್ಲ ಎನ್ನುವಿರಾ? ಸಿಗುತ್ತದೆ. ಅದು ದುಡಿಮೆಗೆ ಪ್ರತಿಫಲ, ಇಷ್ಟು ದುಡಿಸುವುದಕ್ಕೆ ಕಾರಣವಲ್ಲ.